ಕೊಪ್‌ಬಾಲ್ ಎಂದು ಹುಡುಕಿದರೆ ಸಿಗುವ ಕೊಪ್ಪಳ: ಉಲ್ಲೇಖ ತಂತ್ರಾಂಶಗಳ ನಾಲ್ಕು ದಶಕ

ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳು ಬೆಳಕಿಗೆ ಬಂದದ್ದು 1931ರಲ್ಲಿ. ಮರುವರ್ಷವೇ ಹೈದರಾಬಾದ್ ಪುರಾತತ್ವ ಗ್ರಂಥಮಾಲೆಯ 10ನೆಯ ಸಂಖ್ಯೆಯಾಗಿ ಅವುಗಳ ಪಾಠ ಅಚ್ಚಾಯಿತು. ಸಂಪಾದಿಸಿದವರು ಆರ್.ಎಲ್. ಟರ್ನರ್, ನೇಪಾಳಿ ನಿಘಂಟನ್ನು ಕಟ್ಟಿದ ಭಾಷಾವಿಜ್ಞಾನಿ. 1935ರಲ್ಲಿ ಅದೇ ಮಾಲೆಯ 12ನೆಯ ಸಂಖ್ಯೆಯಾಗಿ ಸಿ.ಆರ್. ಕೃಷ್ಣಮಾಚಾರ್ಲು ಅವರು ಕೊಪ್ಪಳದ ಕನ್ನಡ ಶಾಸನಗಳನ್ನು ಹೊರತಂದರು. ಆ ಪುಸ್ತಕದ ಇಂಗ್ಲಿಷ್ ಶೀರ್ಷಿಕೆಯಲ್ಲಿ ಊರಿನ ಹೆಸರು ನಿಜಾಮರ ಕಾಲದ ಕಾಗುಣಿತದಲ್ಲಿದೆ: ಕೊಪ್‌ಬಾಲ್. ಇವತ್ತಿನ ರೂಢಿಯಂತೆ ಕೊಪ್ಪಳ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕುವ ವಿದ್ಯಾರ್ಥಿಗೆ ಅದು ಸಿಗದೇ ಹೋಗುವ ಸಂಭವವೇ ಹೆಚ್ಚು. ಶಾಸನಗಳ ಒಳಗೆ ಇಳಿದರೆ ಊರು ಮತ್ತೆ ಕೊಪಣವಾಗುತ್ತದೆ.

ಕೊಪ್ಪಳಕ್ಕೆ ಹತ್ತಿರದ ಗಿಣಿಗೇರಾದ ಕಥೆಯೂ ಬೇರೆಯಲ್ಲ. ಗಿಣಿಗೇರ, ಗಿಣಿಗೇರಿ ಎಂದೆಲ್ಲ ಬರೆಯುವವರುಂಟು. ಈ ಊರಿನಿಂದಲೇ ಹೊರಟ ಇಬ್ಬರು ಪಿಎಚ್.ಡಿ. ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳೋಣ. ಒಬ್ಬಾಕೆ ಊರ ಸುತ್ತಲಿನ ಉಕ್ಕಿನ ಕಾರ್ಖಾನೆಗಳ ದೂಳು ಹೊಲದ ಬೆಳೆಗೆ ಏನು ಮಾಡುತ್ತದೆ ಎಂದು ಅಧ್ಯಯನ ಮಾಡುವವಳು. ಇನ್ನೊಬ್ಬ ಕೊಪ್ಪಳದ ಜೈನ ಶಾಸನಗಳ ಮೇಲೆ ಬರೆಯುವವನು. ಇಬ್ಬರ ಲ್ಯಾಪ್‌ಟಾಪಿನಲ್ಲೂ ಇರುವುದು ಓದಿದ ಆಕರಗಳನ್ನು ಕೂಡಿಟ್ಟು ಗ್ರಂಥಸೂಚಿ ಕಟ್ಟಿಕೊಡುವ ಒಂದೇ ಉಲ್ಲೇಖ ತಂತ್ರಾಂಶ. ಆಕೆಯ ಕೆಲಸ ಗುಂಡಿ ಒತ್ತಿದಲ್ಲಿಗೆ ಬಹುಮಟ್ಟಿಗೆ ಮುಗಿಯುತ್ತದೆ, ಆತನದು ಅಲ್ಲಿಂದ ಶುರುವಾಗುತ್ತದೆ. ಈ ಅಂತರ ಎಲ್ಲಿಂದ ಬಂತು ಎಂದು ತಿಳಿಯಲು ತಂತ್ರಾಂಶದ ಚರಿತ್ರೆಯ ಜೊತೆಗೆ ಕನ್ನಡದ ಉಲ್ಲೇಖ ಪದ್ಧತಿಯ ಚರಿತ್ರೆಯನ್ನೂ ನೋಡಬೇಕಾಗುತ್ತದೆ.

ಕಂಪ್ಯೂಟರ್ ಬರುವುದಕ್ಕೆ ಬಹಳ ಮೊದಲೇ ಕನ್ನಡದಲ್ಲಿ ಕಟ್ಟುನಿಟ್ಟಾದ ಉಲ್ಲೇಖ ಕ್ರಮವೊಂದು ಬೆಳೆದಿತ್ತು. ಬಿ.ಎಲ್. ರೈಸ್ 1886ರಲ್ಲಿ ಶುರುಮಾಡಿದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಬಿತ್ತು. ಸಂಪುಟ, ತಾಲ್ಲೂಕು, ಸಂಖ್ಯೆ ಇಷ್ಟು ಬರೆದರೆ ಓದುಗ ನೇರವಾಗಿ ಕಲ್ಲಿನ ಮುಂದೆ ನಿಲ್ಲಬಹುದಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ತನ್ನ ಆಕರಗಳಿಗೆಲ್ಲ ಸಂಕ್ಷೇಪಗಳನ್ನು ಗೊತ್ತುಮಾಡಿಕೊಂಡು ಆರಂಭದಲ್ಲೇ ಅವುಗಳ ಪಟ್ಟಿ ಕೊಟ್ಟಿತು. ಆರ್. ನರಸಿಂಹಾಚಾರ್ಯರ ಕವಿಚರಿತೆ 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಬಂದು ಓಲೆಗರಿ ಮತ್ತು ಶಾಸನಗಳ ಆಧಾರ ತೋರಿಸಿ ಬರೆಯುವ ಶಿಸ್ತನ್ನು ಕನ್ನಡಕ್ಕೆ ಕಲಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದಕ್ಕೊಂದು ಚೀಟಿ, ಚೀಟಿಯ ಮೇಲೆ ಪ್ರಯೋಗ, ಪ್ರಯೋಗದ ಕೆಳಗೆ ಆಕರ ಎಂಬ ದುಡಿಮೆಯಿಂದ ಬೆಳೆದದ್ದು. ಜಿ. ವೆಂಕಟಸುಬ್ಬಯ್ಯನವರ ಹೆಸರಿನೊಂದಿಗೆ ಸೇರಿಹೋಗಿರುವ ಆ ಕೆಲಸದ ಹಿಂದಿದ್ದದ್ದು ಚೀಟಿಗಳ ರಾಶಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಡೇಟಾಬೇಸ್. ಹುಡುಕುವ ಕೆಲಸ ಮಾತ್ರ ಮನುಷ್ಯನ ಬೆರಳಿನದು.

ಕೊಪ್ಪಳದವರಿಗೆ ಇಲ್ಲೊಂದು ಕೊರತೆಯಿದೆ. ರೈಸ್ ಅವರ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನವು. ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆ ಅದರಲ್ಲಿ ಬರಲಿಲ್ಲ. ಇಲ್ಲಿನ ಶಾಸನಗಳಿಗಾಗಿ ಹೈದರಾಬಾದ್ ಮಾಲೆ, ದಕ್ಷಿಣ ಭಾರತ ಶಾಸನ ಸಂಪುಟಗಳು, ಪಿ.ಬಿ. ದೇಸಾಯಿಯವರು 1957ರಲ್ಲಿ ಸೊಲ್ಲಾಪುರದಿಂದ ಪ್ರಕಟಿಸಿದ ದಕ್ಷಿಣ ಭಾರತದ ಜೈನಧರ್ಮ ಕುರಿತ ಪುಸ್ತಕ, ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ಎಂದು ನಾಲ್ಕಾರು ಕಪಾಟು ತಡಕಬೇಕು. ಒಂದೊಂದಕ್ಕೂ ಒಂದೊಂದು ಸಂಖ್ಯಾಕ್ರಮ. ಮೈಸೂರಿನ ಸಂಶೋಧಕನಿಗೆ ಪಿತ್ರಾರ್ಜಿತವಾಗಿ ಬಂದ ಸರಳ ಉಲ್ಲೇಖ ಸೂತ್ರ ಗಿಣಿಗೇರಾದವನಿಗೆ ಬರಲಿಲ್ಲ.

ಅತ್ತ ಅಮೆರಿಕದಲ್ಲಿ ರಕ್ತರೋಗ ತಜ್ಞ ಅರ್ನೆಸ್ಟ್ ಬ್ಯೂಟ್ಲರ್ ಮತ್ತು ಮಗ ಅರ್ಲ್ ಸೇರಿ 1982ರಲ್ಲಿ ರೆಫರೆನ್ಸ್ ಮ್ಯಾನೇಜರ್ ಎಂಬ ತಂತ್ರಾಂಶ ಸಿದ್ಧಪಡಿಸಿದರು. ಮಾರಾಟಕ್ಕೆ ಬಂದ ಈ ಬಗೆಯ ಮೊದಲ ತಂತ್ರಾಂಶ ಅದು. ವೈದ್ಯರೊಬ್ಬರು ಮಾಡಿದ್ದೆಂಬುದು ಗಮನಿಸಬೇಕಾದ ಸಂಗತಿ: ಅದರ ಖಾನೆಗಳೆಲ್ಲ ವೈದ್ಯಕೀಯ ಪತ್ರಿಕೆಯ ಲೇಖನಕ್ಕೆ ಹೇಳಿ ಹೊಲಿಸಿದಂತಿದ್ದವು. 1985ರಲ್ಲಿ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದವರಿಗಾಗಿ ಬಿಬ್‌ಟೆಕ್, ದಶಕದ ಕೊನೆಗೆ ಎಂಡ್‌ನೋಟ್. ಇವೆಲ್ಲ ಒಂದು ಕಂಪ್ಯೂಟರಿನೊಳಗೆ ಕೂತ ಸಾಧನಗಳು, ದುಬಾರಿಯವು (ಬಿಬ್‌ಟೆಕ್ ಒಂದನ್ನು ಬಿಟ್ಟು). ನಮ್ಮ ಕಡೆಯ ಕಾಲೇಜುಗಳಲ್ಲಿ ಆಗ ಪ್ರಬಂಧವೆಂದರೆ ಟೈಪ್‌ರೈಟರ್, ಕಾರ್ಬನ್ ಹಾಳೆ. ಆ ಹಂತದ ಬಗ್ಗೆ ಇಷ್ಟು ಸಾಕು.

ನಿಜವಾದ ತಿರುವು ಅಂತರಜಾಲದ್ದು. 2000ದಲ್ಲಿ ಪ್ರಕಾಶಕರೆಲ್ಲ ಸೇರಿ ಕ್ರಾಸ್‌ರೆಫ್ ಕಟ್ಟಿ ಪ್ರತಿ ಲೇಖನಕ್ಕೂ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆ ಕೊಡತೊಡಗಿದರು. ಲೇಖನದ ವಿಳಾಸ ಬದಲಾದರೂ ಸಂಖ್ಯೆ ಬದಲಾಗದು. ಸಂಖ್ಯೆ ಕೊಟ್ಟರೆ ಲೇಖಕ, ಶೀರ್ಷಿಕೆ, ಸಂಪುಟ, ಪುಟ ಎಲ್ಲವೂ ತಾವಾಗಿ ಬಂದು ಖಾನೆ ತುಂಬುತ್ತವೆ. ಗಿಣಿಗೇರಾದ ದೂಳಿನ ಬಗ್ಗೆ ಬರೆಯುವ ವಿದ್ಯಾರ್ಥಿನಿಯ ಕೆಲಸ ಸಲೀಸಾಗಿರುವುದು ಈ ಸಂಖ್ಯೆಯ ದೆಸೆಯಿಂದ, ತಂತ್ರಾಂಶದ ಜಾಣತನದಿಂದಲ್ಲ. 2001ರಲ್ಲಿ ಬ್ರೌಸರಿನಲ್ಲೇ ಕೆಲಸ ಮಾಡುವ ರೆಫ್‌ವರ್ಕ್ಸ್ ಬಂತು. 2004ರಲ್ಲಿ ಸೈಟ್‌ಯುಲೈಕ್ ಮತ್ತು ನೇಚರ್ ಪ್ರಕಾಶನದ ಕೊನೋಟಿಯ ಎಂಬ ತಾಣಗಳು ಓದಿದ ಲೇಖನಗಳ ಪಟ್ಟಿಯನ್ನು ಹತ್ತು ಜನರೊಡನೆ ಹಂಚಿಕೊಳ್ಳುವ ರೂಢಿ ತಂದವು.

2006ರ ಅಕ್ಟೋಬರಿನಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದು ಜೊಟೆರೊವನ್ನು ಫೈರ್‌ಫಾಕ್ಸ್ ಬ್ರೌಸರಿಗೆ ಅಂಟಿಕೊಂಡ ಉಚಿತ, ಮುಕ್ತ ತಂತ್ರಾಂಶವಾಗಿ ಬಿಟ್ಟಿತು. ವೈದ್ಯರು ಶುರುಮಾಡಿದ ಕೆಲಸ ಇತಿಹಾಸಕಾರರ ಕೈಗೆ ಬಂದದ್ದರಿಂದ ಹಸ್ತಪ್ರತಿ, ಪತ್ರ, ನಕ್ಷೆ, ಸಂದರ್ಶನ ಇವಕ್ಕೂ ಖಾನೆ ಸಿಕ್ಕವು. ಎರಡೇ ವರ್ಷದಲ್ಲಿ ಎಂಡ್‌ನೋಟ್ ಮಾಲೀಕರಾದ ಥಾಮ್ಸನ್ ರಾಯಿಟರ್ಸ್, ನಮ್ಮ ಶೈಲಿ ಕಡತಗಳನ್ನು ಬಿಚ್ಚಿ ನೋಡಿದ್ದೀರಿ ಎಂದು ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿತು. ಕೇಳಿದ ಪರಿಹಾರ 1 ಕೋಟಿ ಡಾಲರಿಗೆ ಕಡಿಮೆಯಲ್ಲ. 2009ರ ಜೂನ್‌ನಲ್ಲಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಪುಸ್ತಕದ ಪಟ್ಟಿಯಲ್ಲಿ ಅಲ್ಪವಿರಾಮ ಎಲ್ಲಿ ಬೀಳಬೇಕೆಂಬ ಸೂತ್ರಕ್ಕೆ ಇಷ್ಟು ದೊಡ್ಡ ವ್ಯಾಜ್ಯವೇ ಎಂದು ನಗುವ ಹಾಗಿಲ್ಲ. ಆ ಸೂತ್ರವೇ ಈ ವ್ಯಾಪಾರದ ಜೀವಾಳ. ಇಂದು ಆ ಸೂತ್ರಗಳು ಸಿಎಸ್‌ಎಲ್ ಎಂಬ ಮುಕ್ತ ಭಾಷೆಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಪುಕ್ಕಟೆ ಸಿಗುತ್ತವೆ. ಲಂಡನ್ನಿನಲ್ಲಿ ಹುಟ್ಟಿದ ಮೆಂಡಲಿ 2008ರಲ್ಲಿ ಬಳಕೆಗೆ ಬಂದು ಪಿಡಿಎಫ್ ಓದುವುದನ್ನೂ ಪಟ್ಟಿ ಮಾಡುವುದನ್ನೂ ಒಂದೇ ಕಡೆ ತಂದಿತು. 2013ರಲ್ಲಿ ಎಲ್ಸೆವಿಯರ್ ಅದನ್ನು ಕೊಂಡಿತು.

ಕೆಲಸದ ರೀತಿ ಹೆಚ್ಚುಕಡಿಮೆ ಎಲ್ಲದರದ್ದೂ ಒಂದೇ. ಪುಟ ತೆರೆದು ಬ್ರೌಸರಿನ ಗುಂಡಿ ಒತ್ತಿದರೆ ದಾಖಲೆ ಖಾತೆಗೆ ಬೀಳುತ್ತದೆ. ವರ್ಡ್‌ನಲ್ಲಿ ಬರೆಯುತ್ತ ಬೇಕಾದ ಕಡೆ ಅದನ್ನು ಕರೆದರೆ ಆವರಣದಲ್ಲಿ ಹೆಸರು, ವರ್ಷ ಕೂರುತ್ತದೆ, ಕೊನೆಗೆ ಗ್ರಂಥಸೂಚಿ ತಾನೇ ಕಟ್ಟಿಕೊಳ್ಳುತ್ತದೆ. ನಡುವೆ ಒಂದು ಅಧ್ಯಾಯ ಕಿತ್ತು ಹಾಕಿದರೆ ಅಡಿಟಿಪ್ಪಣಿಯ ಸಂಖ್ಯೆಗಳು ಸರಿಹೊಂದಿಕೊಳ್ಳುತ್ತವೆ. ಕೊಪ್ಪಳ ಜಿಲ್ಲೆಯ ಕಾಲೇಜುಗಳು ಗುಲ್ಬರ್ಗ ವಿಶ್ವವಿದ್ಯಾಲಯದಿಂದ 2010ರಲ್ಲಿ ಹುಟ್ಟಿದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ 2023ರಲ್ಲಿ ತಳಕಲ್ಲಿನಲ್ಲಿ ಆರಂಭವಾದ ಕೊಪ್ಪಳ ವಿಶ್ವವಿದ್ಯಾಲಯಕ್ಕೆ ಕೈ ಬದಲಾದವು. ಹೀಗೆ ವಿಶ್ವವಿದ್ಯಾಲಯದ ಜೊತೆಗೆ ಪ್ರಬಂಧದ ನಮೂನೆ ಬದಲಾದರೆ ಪಟ್ಟಿಯನ್ನೆಲ್ಲ ಮತ್ತೆ ಟೈಪ್ ಮಾಡಿಸುವ ಪಾಡು ಇಲ್ಲ, ಶೈಲಿ ಬದಲಿಸಿದರೆ ಆಯಿತು. ಇದು ಸಣ್ಣ ಉಪಕಾರವಲ್ಲ.

ನಮ್ಮಲ್ಲಿ ಈ ತಂತ್ರಾಂಶಗಳು ಒಳಬಂದದ್ದು ಮಾತ್ರ ಅನುಕೂಲದ ಬಾಗಿಲಿನಿಂದಲ್ಲ, ಭಯದ ಬಾಗಿಲಿನಿಂದ. 2018ರ ಜುಲೈನಲ್ಲಿ ಯುಜಿಸಿ ಕೃತಿಚೌರ್ಯದ ವಿರುದ್ಧ ನಿಯಮಾವಳಿ ಹೊರಡಿಸಿತು. ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಮರುವರ್ಷ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಶೋಧಶುದ್ಧಿ ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ತಪಾಸಣಾ ತಂತ್ರಾಂಶ ಒದಗಿಸಿತು. ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ ಸಂಶೋಧನಾ ನೈತಿಕತೆಯ ಪಾಠ ಕಡ್ಡಾಯವಾಯಿತು. ಗ್ರಂಥಾಲಯಗಳು ಜೊಟೆರೊ, ಮೆಂಡಲಿ ಕಾರ್ಯಾಗಾರ ನಡೆಸತೊಡಗಿದ್ದು ಈ ಸಂದರ್ಭದಲ್ಲಿ. ಇದರ ಫಲವಾಗಿ, ಉಲ್ಲೇಖ ಎಂದರೆ ಸಿಕ್ಕಿಬೀಳದಿರುವ ಉಪಾಯ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿ ನೆಲೆಯೂರಿಬಿಟ್ಟಿದೆ. ಅದೇ ನಿಯಮಾವಳಿಯಲ್ಲಿ ಕಾಕತಾಳೀಯವಾಗಿ ಹೊಂದುವ ಹದಿನಾಲ್ಕು ಪದಗಳವರೆಗೆ ವಿನಾಯಿತಿ ಉಂಟು. ಇಂಗ್ಲಿಷಿನ ಹದಿನಾಲ್ಕು ಪದ ಕನ್ನಡದಲ್ಲಿ ಏಳೆಂಟಕ್ಕೆ ಮುಗಿಯುತ್ತದೆ. ಕನ್ನಡದಲ್ಲಿ ಹದಿನಾಲ್ಕು ಪದವೆಂದರೆ ತುಂಬಿದ ಎರಡು ವಾಕ್ಯ. ನಿಯಮ ಬರೆದವರ ಮನಸ್ಸಿನಲ್ಲಿ ಯಾವ ಭಾಷೆ ಇತ್ತೆಂದು ಬಿಡಿಸಿ ಹೇಳಬೇಕಿಲ್ಲ.

2025ರ ಜನವರಿಯಲ್ಲಿ ಜಾರಿಗೆ ಬಂದ ‘ಒಂದು ದೇಶ ಒಂದು ಚಂದಾ’ ಯೋಜನೆ ಸರ್ಕಾರಿ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ತೆರೆಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ದೂಳಿನ ಅಧ್ಯಯನ ಮಾಡುವಾಕೆಗೆ ಇದು ದೊಡ್ಡ ವರ. ಆದರೆ ಆಕೆಯ ವಿಷಯದಲ್ಲೂ ಊರಿಗೆ ಹತ್ತಿರವಾದ ಆಕರಗಳಿಗೆ ಡಿಒಐ ಇರುವುದಿಲ್ಲ. ಕಾರ್ಖಾನೆಯ ಪರಿಸರ ಪರಿಣಾಮ ವರದಿ, ಸಾರ್ವಜನಿಕ ಅಹವಾಲು ಸಭೆಯ ನಡಾವಳಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆಗಳು, ಪತ್ರಿಕೆಯ ಜಿಲ್ಲಾ ಪುಟದ ಸುದ್ದಿ: ಇಂದು ತೆರೆದುಕೊಂಡ ಕೊಂಡಿ ವರ್ಷದ ಮೇಲೆ ತೆರೆಯುವ ಭರವಸೆಯಿಲ್ಲ. ಪುಟದ ಪಡಿಯಚ್ಚನ್ನು ದಾಖಲೆಯ ಜೊತೆಗೇ ಉಳಿಸಿಕೊಳ್ಳುವ ಸೌಲಭ್ಯ ಜೊಟೆರೊದಲ್ಲಿದೆ. ಜಿಲ್ಲೆಯ ವಿಷಯ ಬರೆಯುವವರಿಗೆ ಅದರ ಅತ್ಯುಪಯುಕ್ತ ಗುಣ ಇದೇ ಎಂಬುದು ನನ್ನ ಅಭಿಪ್ರಾಯ.

ಶಾಸನದ ವಿದ್ಯಾರ್ಥಿಯ ಕಡೆ ಬರೋಣ. ಆತನ ಮೊದಲ ತೊಡಕು ಹೆಸರು. ತಂತ್ರಾಂಶ ಲೇಖಕನಿಗೆ ಎರಡು ಪೆಟ್ಟಿಗೆ ಇಟ್ಟಿರುತ್ತದೆ: ಒಂದು ಮನೆತನದ ಹೆಸರಿಗೆ, ಇನ್ನೊಂದು ಸ್ವಂತ ಹೆಸರಿಗೆ. ಎಂ.ಎಂ. ಕಲಬುರ್ಗಿ ಎಂಬಲ್ಲಿ ಕಲಬುರ್ಗಿ ಅಡ್ಡಹೆಸರು, ಲೆಕ್ಕ ಸರಿ. ಡಿ.ಎಲ್. ನರಸಿಂಹಾಚಾರ್ ಎಂಬಲ್ಲಿ ನರಸಿಂಹಾಚಾರ್ ಎನ್ನುವುದು ಸ್ವಂತ ಹೆಸರು, ಅಡ್ಡಹೆಸರಲ್ಲ. ತಂತ್ರಾಂಶಕ್ಕೆ ಎರಡೂ ಒಂದೇ. ಉತ್ತರ ಕರ್ನಾಟಕದಲ್ಲಿ ಹಿರೇಮಠರು, ಪಾಟೀಲರು, ದೇಸಾಯರು ಊರಿಗೆ ಹತ್ತು ಜನ. ಆವರಣದಲ್ಲಿ ‘ಹಿರೇಮಠ, 1998’ ಎಂದು ಬಂದರೆ ಯಾವ ಹಿರೇಮಠ? ಇನ್ನು ಕಾವ್ಯನಾಮ. ಕೊಪ್ಪಳ ಜಿಲ್ಲೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರದು ಕೆಲವು ಕಡೆ ಕಾವ್ಯಾನಂದ, ಕೆಲವು ಕಡೆ ಸ್ವಂತ ಹೆಸರು. ಯಂತ್ರ ಅವರನ್ನು ಇಬ್ಬರನ್ನಾಗಿ ಮಾಡಿ ಪಟ್ಟಿಯಲ್ಲಿ ದೂರ ದೂರ ಕೂರಿಸುತ್ತದೆ. ಜೊಟೆರೊದಲ್ಲಿ ಹೆಸರಿನ ಪಕ್ಕದ ಪುಟ್ಟ ಗುಂಡಿ ಒತ್ತಿದರೆ ಎರಡು ಪೆಟ್ಟಿಗೆ ಒಂದಾಗುತ್ತದೆ. ಕುವೆಂಪು, ಶ್ರೀರಂಗ, ಬಸವಣ್ಣ ಇವರನ್ನೆಲ್ಲ ಅಲ್ಲೇ ಬರೆಯಬೇಕು. ಬಹಳ ಜನ ಆ ಗುಂಡಿಯನ್ನು ಗಮನಿಸುವುದೇ ಇಲ್ಲ.

ಎರಡನೆಯದು ಸಂಕ್ಷೇಪಗಳು. ಕನ್ನಡದ ಅಡಿಟಿಪ್ಪಣಿಯಲ್ಲಿ ‘ಸಂ.’ ಎಂದರೆ ಸಂಪಾದಕರೂ ಹೌದು, ಸಂಪುಟವೂ ಹೌದು, ಕೆಲವರಿಗೆ ಸಂಖ್ಯೆಯೂ ಹೌದು. ಓದುಗ ಸಂದರ್ಭ ನೋಡಿ ಅರ್ಥಮಾಡಿಕೊಳ್ಳುತ್ತಿದ್ದ. ಖಾನೆ ತುಂಬುವಾಗ ಆ ಆಟ ನಡೆಯದು, ಮೂರರಲ್ಲಿ ಯಾವುದೆಂದು ಹೇಳಲೇಬೇಕು. ಇದು ತಂತ್ರಾಂಶ ನಮಗೆ ಕಲಿಸಿದ ಒಳ್ಳೆಯ ಪಾಠ. ಅದಕ್ಕೆ ನಾವು ಕಲಿಸಬೇಕಾದದ್ದೂ ಇದೆ: ಸಿದ್ಧ ಶೈಲಿಯನ್ನು ಹಾಗೇ ಬಳಸಿದರೆ ಕನ್ನಡ ಪುಸ್ತಕದ ಹೆಸರಿನ ಪಕ್ಕ ಇಂಗ್ಲಿಷಿನ ‘ಎಟ್ ಆಲ್’ ಬಂದು ಕೂರುತ್ತದೆ. ಅದನ್ನು ‘ಮತ್ತಿತರರು’ ಎಂದು, ಪುಟದ ಗುರುತನ್ನು ‘ಪು.’ ಎಂದು ಮಾಡಲು ಶೈಲಿ ಕಡತವನ್ನು ಒಮ್ಮೆ ತೆರೆದು ತಿದ್ದಬೇಕು. ಒಂದು ವಿಭಾಗದಲ್ಲಿ ಒಬ್ಬರು ಮಾಡಿಟ್ಟರೆ ಉಳಿದವರಿಗೆಲ್ಲ ಸಾಕು. ಇದಕ್ಕಿಂತ ಕಷ್ಟದ್ದು ಪಟ್ಟಿಯ ವಿಭಜನೆ. ಕನ್ನಡ ಪ್ರಬಂಧದ ಕೊನೆಯಲ್ಲಿ ಶಾಸನ ಸಂಪುಟಗಳು, ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು, ಅಪ್ರಕಟಿತ ಮಹಾಪ್ರಬಂಧಗಳು ಎಂದು ಬೇರೆ ಬೇರೆ ಶಿರೋನಾಮೆ ಕೇಳುತ್ತಾರೆ. ತಂತ್ರಾಂಶ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ವಿಭಾಗಕ್ಕೊಂದು ಸಂಗ್ರಹ ಮಾಡಿ ಬಿಡಿಬಿಡಿಯಾಗಿ ಪಟ್ಟಿ ತೆಗೆಯುವುದೇ ಸದ್ಯದ ದಾರಿ.

ಎಲ್ಲಕ್ಕಿಂತ ಜಟಿಲವಾದದ್ದು ಅಕ್ಷರ. ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ 1998ರಲ್ಲಿ ಬಂತು, ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವು ಕನ್ನಡ ಟೈಪಿಂಗನ್ನು ಮನೆಮನೆಗೆ ತಂದವು, ಆ ಋಣ ದೊಡ್ಡದು. ಆದರೆ ಹಳೆಯ ನುಡಿ ಫಾಂಟಿನಲ್ಲಿ ಕಣ್ಣಿಗೆ ಕನ್ನಡವಾಗಿ ಕಾಣುವುದು ಕಡತದೊಳಗೆ ಕನ್ನಡವಾಗಿರುವುದಿಲ್ಲ. ‘ಕನ್ನಡ’ ಎಂಬ ಪದವನ್ನೇ ಅಂಥ ಪಿಡಿಎಫ್‌ನಿಂದ ನಕಲು ಮಾಡಿ ಜೊಟೆರೊದಲ್ಲಿ ಅಂಟಿಸಿ ನೋಡಿ: ರೋಮನ್ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಅಕ್ಷರವೊಂದು, ‘ಕ್ಯೂ’, ಕೊನೆಗೆ ಇನ್ನೊಮ್ಮೆ ಅದೇ ‘ಎ’. ಹೀಗೆ ಇಟ್ಟ ದಾಖಲೆಯನ್ನು ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಜನ್ಮದಲ್ಲಿ ಸಿಗದು, ಅಕಾರಾದಿಯಲ್ಲೂ ಕೂರದು. ಹಳೆಯ ಪ್ರಬಂಧಗಳ, ಪತ್ರಿಕೆಗಳ ಕಡತಗಳು ದಂಡಿಯಾಗಿ ಈ ಸ್ಥಿತಿಯಲ್ಲಿವೆ.

ಇದರ ಜೊತೆಗೆ ಡಿಟಿಪಿ ಸೆಂಟರ್. ಕನ್ನಡ ಪ್ರಬಂಧವನ್ನು ಎಷ್ಟೋ ಜನ ಇನ್ನೂ ಕೈಯಲ್ಲಿ ಬರೆದು ಟೈಪಿಗೆ ಕೊಡುತ್ತಾರೆ. ಅಲ್ಲಿ ನುಡಿ, ಪೇಜ್‌ಮೇಕರ್. ವಿದ್ಯಾರ್ಥಿಯ ಖಾತೆಯಲ್ಲಿ ಎಷ್ಟೇ ಚೊಕ್ಕಟ ದಾಖಲೆ ಇದ್ದರೂ ಆಪರೇಟರ್ ಅದನ್ನು ಓದಿ ಮತ್ತೆ ಟೈಪ್ ಮಾಡುತ್ತಾನೆ. ಕೊಂಡಿ ಅಲ್ಲಿಗೆ ಕಡಿಯಿತು. ಪುಟದ ಸಂಖ್ಯೆ 132 ಹೋಗಿ 123 ಆಗುವುದು ಈ ಮಜಲಿನಲ್ಲೇ. ತಂತ್ರಾಂಶದ ಕಾರ್ಯಾಗಾರಕ್ಕೆ ವಿದ್ಯಾರ್ಥಿಗಳನ್ನು ಮಾತ್ರ ಕರೆಯುತ್ತಾರೆ, ವಿಶ್ವವಿದ್ಯಾಲಯದ ಗೇಟಿನೆದುರಿನ ಆಪರೇಟರನ್ನು ಯಾರೂ ಕರೆಯುವುದಿಲ್ಲ.

ಡಿಜಿಟಲ್ ಗ್ರಂಥಭಂಡಾರಗಳ ಗೋಳು ಬೇರೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಇಂಟರ್ನೆಟ್ ಆರ್ಕೈವ್ ಸೇರಿದ ಸಾವಿರಾರು ಕನ್ನಡ ಪುಸ್ತಕಗಳಿವೆ. ಶೀರ್ಷಿಕೆ ರೋಮನ್ ಅಕ್ಷರದಲ್ಲಿ, ಕಾಗುಣಿತ ಟೈಪ್ ಮಾಡಿದವರ ಇಷ್ಟದಂತೆ. ಲೇಖಕರ ಜಾಗದಲ್ಲಿ ಎಷ್ಟೋ ಸಲ ‘ನಾಟ್ ಅವೇಲಬಲ್’. ಗುಂಡಿ ಒತ್ತಿದರೆ ಜೊಟೆರೊ ‘ಅವೇಲಬಲ್’ ಎಂಬ ಮನೆತನದ ‘ನಾಟ್’ ಎಂಬ ಮಹನೀಯರನ್ನು ಲೇಖಕರನ್ನಾಗಿ ದಾಖಲಿಸುವ ಅಪಾಯವಿದೆ. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗೆಯಲ್ಲೂ ಅನೇಕ ಕನ್ನಡ ಪ್ರಬಂಧಗಳ ಹೆಸರು ರೋಮನ್ ಲಿಪಿಯಲ್ಲಿದೆ. ತಂದುಕೊಂಡ ದಾಖಲೆಯನ್ನು ಪುಸ್ತಕದ ಒಳಮುಖಪುಟದ ಎದುರಿಟ್ಟು ತಿದ್ದದೆ ಬಳಸುವಂತಿಲ್ಲ.

ತಂತ್ರಾಂಶದ ದಾಖಲೆಯ ಬಗೆಗಳಲ್ಲಿ ಶಾಸನಕ್ಕೆ ಪ್ರತ್ಯೇಕ ಬಗೆಯೇ ಇಲ್ಲ. ಕೃಷ್ಣಮಾಚಾರ್ಲು ಅವರ ಸಂಪುಟವನ್ನು ಪುಸ್ತಕವೆಂದು ಒಮ್ಮೆ ನಮೂದಿಸಿ, ಪ್ರತಿ ಶಾಸನವನ್ನೂ ಅದರೊಳಗಿನ ಭಾಗವೆಂದು ಬೇರೆ ನಮೂದು ಮಾಡಿ, ಶಾಸನ ಸಂಖ್ಯೆಯನ್ನು ಪುಟದ ಜಾಗದಲ್ಲಿ ಹಾಕದೆ ಶೀರ್ಷಿಕೆಯಲ್ಲೇ ಸೇರಿಸುವುದು ಲೇಸು. ಟ್ಯಾಗ್‌ನಲ್ಲಿ ಕೊಪ್ಪಳ, ಕೊಪಣ, ಕೊಪ್‌ಬಾಲ್ ಮೂರನ್ನೂ ಎರಡೂ ಲಿಪಿಯಲ್ಲಿ ಬರೆದಿಟ್ಟರೆ ಮುಂದೆ ಯಾವ ಕಾಗುಣಿತದಲ್ಲಿ ಹುಡುಕಿದರೂ ಸಿಗುತ್ತದೆ. ವಚನಕ್ಕೂ ಇದೇ ಕ್ರಮ: ಸರ್ಕಾರ 1993ರಲ್ಲಿ ತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವೋ ಬೇರೆ ಆವೃತ್ತಿಯೋ, ವಚನದ ಸಂಖ್ಯೆ ಎಷ್ಟು ಎಂಬುದಿಲ್ಲದೆ ಅಂಕಿತವೊಂದನ್ನೇ ಬರೆದರೆ ಓದುಗನಿಗೆ ಹಾದಿ ಸಿಗದು. ಜೊಟೆರೊದಲ್ಲಿ ಗುಂಪಿನ ಗ್ರಂಥಾಲಯ ಉಚಿತ, ಸದಸ್ಯರ ಮಿತಿಯಿಲ್ಲ. ಕೊಪ್ಪಳ ಸೀಮೆಯ ಶಾಸನಗಳನ್ನೆಲ್ಲ ಒಂದು ಇತಿಹಾಸ ವಿಭಾಗ ಹೀಗೆ ಒಮ್ಮೆ ನಮೂದಿಸಿಟ್ಟರೆ ರೈಸ್ ಈ ಭಾಗಕ್ಕೆ ಕೊಡಲಾಗದ್ದು ತೊಂಬತ್ತು ವರ್ಷದ ಹಳೆಯ ಪುಸ್ತಕಗಳಿಂದಲೇ ಸಿಕ್ಕೀತು.

ಆನ್‌ಲೈನ್ ಎಂಬ ಮಾತಿನಲ್ಲಿ ಇನ್ನೆರಡು ಎಚ್ಚರಗಳಿವೆ. ಜೊಟೆರೊ ಪುಕ್ಕಟೆ ಕೊಡುವ ಜಾಗ 300 ಎಂಬಿ. ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕ ಹತ್ತಾದರೆ ಅದು ಭರ್ತಿ. ದಾಖಲೆಗಳನ್ನು ಮಾತ್ರ ಮೇಲೆ ಕಳಿಸಿ ಪಿಡಿಎಫ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು, ಆದರೆ ಜೊಟೆರೊದ ಮೂಲ ಫೋಲ್ಡರನ್ನೇ ಗೂಗಲ್ ಡ್ರೈವ್‌ನೊಳಗೆ ಇಡಬಾರದು, ದತ್ತಾಂಶ ಕೆಡುತ್ತದೆ. ಎರಡನೆಯದು, ಈ ಸೇವೆಗಳ ಆಯುಷ್ಯ. ಕೊನೋಟಿಯ 2013ರಲ್ಲಿ, ಸೈಟ್‌ಯುಲೈಕ್ 2019ರಲ್ಲಿ ಮುಚ್ಚಿದವು. ಮೆಂಡಲಿಯ ಮೊಬೈಲ್ ಆ್ಯಪ್ 2021ರಲ್ಲಿ ಹೋಯಿತು, ಹಳೆಯ ಡೆಸ್ಕ್‌ಟಾಪ್ ಆವೃತ್ತಿ 2022ರ ಸೆಪ್ಟೆಂಬರಿನಿಂದ ಸಿಗದಾಯಿತು. ಎಲ್ಲಕ್ಕೂ ಮೊದಲಿನ ರೆಫರೆನ್ಸ್ ಮ್ಯಾನೇಜರ್ ಮಾರಾಟ 2015ರ ಕೊನೆಗೆ ನಿಂತಿತು. ಅದು ಬಿಟ್ಟುಹೋದ ಆರ್‌ಐಎಸ್ ಎಂಬ ಕಡತ ಮಾದರಿ ಮಾತ್ರ ಇಂದಿಗೂ ಎಲ್ಲ ತಂತ್ರಾಂಶಗಳ ನಡುವಿನ ರವಾನೆಗೆ ಬಳಕೆಯಲ್ಲಿದೆ. ಮೂರು ತಿಂಗಳಿಗೊಮ್ಮೆ ಇಡೀ ಖಾತೆಯನ್ನು ಆರ್‌ಐಎಸ್ ಆಗಿ ಇಳಿಸಿಕೊಂಡು ಬೇರೆಡೆ ಇಡುವುದು ಪಿಎಚ್.ಡಿ.ಯಂಥ ನಾಲ್ಕೈದು ವರ್ಷದ ಕೆಲಸಕ್ಕೆ ಅಗತ್ಯ.

ಈಚಿನ ಅಧ್ಯಾಯ ಚಾಟ್‌ಬಾಟ್‌ಗಳದು. ಕೇಳಿದರೆ ಗ್ರಂಥಸೂಚಿಯನ್ನೇ ಬರೆದುಕೊಡುತ್ತವೆ. ಅದರಲ್ಲಿ ಇರುವ ಪುಸ್ತಕವೆಷ್ಟು, ಇಲ್ಲದ ಪುಸ್ತಕವೆಷ್ಟು ಎಂಬುದು ಬೇರೆ ಮಾತು. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖಗೊಂಡಿದ್ದು ಗೊತ್ತಾಗಿ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ನ್ಯಾಯಾಲಯದ ಉಲ್ಲೇಖವನ್ನು ಎದುರು ಪಕ್ಷದ ವಕೀಲರಾದರೂ ತೆರೆದು ನೋಡುತ್ತಾರೆ. ಕೊಪ್ಪಳದ ಶಾಸನದ ಬಗ್ಗೆ ಬರೆದ ಪ್ರಬಂಧದ 214ನೆಯ ಅಡಿಟಿಪ್ಪಣಿಯನ್ನು ನೋಡುವವರು ಯಾರು? ಹಿಂಪಡೆದ ಲೇಖನಗಳನ್ನು ಜೊಟೆರೊ 2019ರಿಂದ ಕೆಂಪು ಗುರುತಿನಿಂದ ತೋರಿಸುತ್ತದೆ ನಿಜ, ಆ ಪಟ್ಟಿ ಅಂತರರಾಷ್ಟ್ರೀಯ ಪತ್ರಿಕೆಗಳದು. ಹುಟ್ಟೇ ಇರದ ಕನ್ನಡ ಪುಸ್ತಕವೊಂದನ್ನು ಖಾನೆಯಲ್ಲಿ ತುಂಬಿದರೆ ಅದು ಎರಡು ಮಾತಾಡದೆ ಸ್ವೀಕರಿಸಿ, ಅಲ್ಪವಿರಾಮ ಸಹಿತ ಪಟ್ಟಿಯಲ್ಲಿ ಕೂರಿಸುತ್ತದೆ.

ಇಂಥ ಹುಸಿ ಉಲ್ಲೇಖ ನುಸುಳದಿರಲು ಜೇಬಿನಲ್ಲಿರುವ ಮೊಬೈಲೇ ಉಪಾಯ. ಗ್ರಂಥಾಲಯದಲ್ಲಿ ಪುಸ್ತಕ ಕೈಗೆ ಬಂದ ಕೂಡಲೇ ಒಳಮುಖಪುಟ, ಅದರ ಹಿಂಬದಿಯ ಪ್ರಕಟಣಾ ವಿವರ, ಉಲ್ಲೇಖಿಸುವ ಪುಟ ಈ ಮೂರರ ಚಿತ್ರ ತೆಗೆದು ದಾಖಲೆಗೆ ಲಗತ್ತಿಸಬೇಕು. ಚಿತ್ರವಿಲ್ಲದ ನಮೂದಿಗೆಲ್ಲ ‘ನೋಡಬೇಕು’ ಎಂಬ ಟ್ಯಾಗ್ ಹಾಕಿಟ್ಟು, ಪ್ರಬಂಧ ಬೈಂಡಿಂಗ್‌ಗೆ ಹೋಗುವ ಮುನ್ನ ಆ ಟ್ಯಾಗ್ ಒತ್ತಿ ಎಷ್ಟು ಉಳಿದಿವೆ ಎಂದು ಎಣಿಸಿ, ಉಳಿದವನ್ನು ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋಗಬೇಕು. ಸಿಗದವನ್ನು ಪಟ್ಟಿಯಿಂದ ತೆಗೆಯಬೇಕು.